ಎಲ್‌ಎಸ್‌ಪಾತ್‌ನಲ್ಲಿ ಇಲ್ಲದ ಒಂದು ಸಾಲು

ಹದಿನೇಳು ಸಾಲು. ಎಷ್ಟು ಸಲ ಎಣಿಸಿದರೂ ಹದಿನೇಳೇ.

ಶನಿವಾರ ರಾತ್ರಿ 11ಕ್ಕೆ ಕೆಲಸ ಶುರುವಾಗಬೇಕಿತ್ತು. ಭಾನುವಾರ ಬೆಳಗಿನ ಜಾವ 5ರವರೆಗೆ ಗ್ರಾಹಕರು ನಮಗೆ ಬಿಟ್ಟುಕೊಟ್ಟ ಹೊತ್ತು. ಮಾಡಬೇಕಾದ್ದು ಇಷ್ಟು: ಐಬಿಎಂ ಪವರ್ ಯಂತ್ರವೊಂದರಲ್ಲಿರುವ ಎರಡು ವಿಐಒ ಸರ್ವರ್‌ಗಳ ಪೈಕಿ ಮೊದಲನೆಯದಕ್ಕೆ ಅಪ್‌ಡೇಟ್ ಹಾಕಿ ರೀಬೂಟ್ ಮಾಡುವುದು. ಅದು ಇಳಿದು ಮತ್ತೆ ಏಳುವ ತನಕ ಎರಡನೆಯದು ಎಲ್ಲರ ಭಾರ ಹೊರುತ್ತದೆ. ಮುಂದಿನ ವಾರ ಎರಡನೆಯದರ ಸರದಿ. ಹಿಂದೆ ಎಷ್ಟೋ ಸಲ ಮಾಡಿದ ಕೆಲಸವಾದ್ದರಿಂದ ರಾಜಾಜಿನಗರದ ಮನೆಯಲ್ಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ.

ಈ ಕಡೆಯ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪವರ್ ಯಂತ್ರವನ್ನು ಒಂದು ವಠಾರ ಅಂದುಕೊಳ್ಳಿ. ಒಳಗೆ ಹತ್ತಾರು ಮನೆಗಳು, ಅವಕ್ಕೆ ಎಲ್‌ಪಾರ್ ಅನ್ನುತ್ತೇವೆ. ಒಂದೊಂದರಲ್ಲೂ ಎಐಎಕ್ಸ್ ಎಂಬ ಯುನಿಕ್ಸ್ ತನ್ನ ಪಾಡಿಗೆ ತಾನು ಸಂಸಾರ ಮಾಡಿಕೊಂಡಿರುತ್ತದೆ. ಸ್ಟೋರೇಜ್‌ನಲ್ಲಿರುವ ಡಿಸ್ಕುಗಳು ಬೀದಿಯ ಪೈಪಿನ ನೀರಿದ್ದಂತೆ. ಅದು ಮನೆಯೊಳಕ್ಕೆ ನೇರವಾಗಿ ಬರುವುದಿಲ್ಲ, ವಠಾರದ ನಲ್ಲಿಯಲ್ಲಿ ಹಿಡಿದುಕೊಳ್ಳಬೇಕು. ಆ ನಲ್ಲಿಯೇ ವಿಐಒ ಸರ್ವರ್. 2004ರಲ್ಲಿ ಪವರ್5 ಯಂತ್ರಗಳ ಜತೆ ಬಂದ ಏರ್ಪಾಡು. ಒಂದೇ ನಲ್ಲಿ ಇದ್ದರೆ ಅದು ಕೆಟ್ಟ ದಿನ ವಠಾರಕ್ಕೆ ವಠಾರವೇ ಒಣಗುತ್ತದೆ. ಅದಕ್ಕೆ ಎರಡು ಇಡುತ್ತೇವೆ. ಪ್ರತಿ ಡಿಸ್ಕಿಗೂ ಮನೆಯೊಳಗಿಂದ ನೋಡಿದರೆ ಎರಡು ದಾರಿ ಕಾಣಬೇಕು: ವಿಸ್ಕಸಿ0 ಮೂಲಕ ಮೊದಲ ವಿಐಒಗೆ ಒಂದು, ವಿಸ್ಕಸಿ1 ಮೂಲಕ ಎರಡನೆಯ ವಿಐಒಗೆ ಒಂದು. ಎನ್‌ಪಿಐವಿ ಅಂತ ಇನ್ನೊಂದು ಪದ್ಧತಿ ಇದೆ. ಅದರಲ್ಲಿ ಡಿಸ್ಕು ಮನೆಯವರ ಹೆಸರಿಗೇ ಬರುತ್ತದೆ, ಅಲ್ಲಿ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ನಮ್ಮದು ವರ್ಚುವಲ್ ಸ್ಕಸಿ. ಸ್ಕಸಿ ಅಂದರೆ ಯಂತ್ರ ಡಿಸ್ಕಿನ ಜತೆ ಮಾತಾಡುವ ಭಾಷೆ.

ದಾರಿಗಳನ್ನು ತೋರಿಸುವ ಕಮಾಂಡು ಎಲ್‌ಎಸ್‌ಪಾತ್. ರೀಬೂಟಿಗೆ ಮುಂಚೆ ಪ್ರತಿ ಎಲ್‌ಪಾರ್‌ನಲ್ಲೂ ಅದನ್ನು ಓಡಿಸಿ ನೋಡುವುದು ನಮ್ಮ ಕ್ರಮ. ನಮ್ಮ ತಂಡದ ಸ್ಕ್ರಿಪ್ಟ್ ಅದರ ಉತ್ತರದಲ್ಲಿ ‘ಎನೇಬಲ್ಡ್’ ಅಂತಿರುವ ಸಾಲುಗಳನ್ನೆಲ್ಲ ತೆಗೆದುಹಾಕಿ ‘ಫೇಲ್ಡ್’, ‘ಮಿಸ್ಸಿಂಗ್’, ‘ಡಿಫೈನ್ಡ್’ ಅಂತಿರುವವನ್ನು ಮಾತ್ರ ತೋರಿಸುತ್ತದೆ. ಏನೂ ತೋರಿಸದಿದ್ದರೆ ಎಲ್ಲ ಸರಿಯಿದೆ ಎಂದು ಲೆಕ್ಕ. ಅವತ್ತು 16 ಎಲ್‌ಪಾರ್‌ಗಳಲ್ಲೂ ಏನೂ ತೋರಿಸಲಿಲ್ಲ.

ಆದರೆ ಈ ಗ್ರಾಹಕರ ಚೇಂಜ್ ಫಾರಂನಲ್ಲಿ ಒಂದು ಖಾನೆ ಇದೆ: ‘ಒಟ್ಟು ದಾರಿಗಳು, ಮುಂಚೆ’ ಮತ್ತು ‘ಒಟ್ಟು ದಾರಿಗಳು, ಆಮೇಲೆ’. ಅದನ್ನು ತುಂಬಲು ಪ್ರತಿ ಎಲ್‌ಪಾರ್‌ನಲ್ಲೂ ಸಾಲುಗಳನ್ನು ಎಣಿಸಬೇಕು. ಹದಿನಾಲ್ಕು, ಎಂಟು, ಇಪ್ಪತ್ತು ಅಂತ ಬರೆದುಕೊಂಡು ಹೋಗುತ್ತಿದ್ದೆ. ಡೇಟಾಬೇಸ್ ಇರುವ ಎಲ್‌ಪಾರ್‌ಗೆ ಬಂದಾಗ 17 ಅಂತ ಬಂತು. ಎಲ್ಲರಿಗೂ ಎರಡೆರಡು ದಾರಿ ಇರುವ ಕಡೆ ಬೆಸ ಸಂಖ್ಯೆ ಬರುವುದು ಸಾಧ್ಯವೇ ಇಲ್ಲ. ಅಲ್ಲಿ ಡಿಸ್ಕು ಒಂಬತ್ತು, ಸಾಲು 18 ಇರಬೇಕು.

ಇಡೀ ಪಟ್ಟಿ ತೆರೆದು ಬೆರಳಿಟ್ಟು ನೋಡಿದೆ. ಎಚ್‌ಡಿಸ್ಕ್0, ವಿಸ್ಕಸಿ0. ಎಚ್‌ಡಿಸ್ಕ್0, ವಿಸ್ಕಸಿ1. ಹೀಗೆ ಜೋಡಿ ಜೋಡಿ. ಎಚ್‌ಡಿಸ್ಕ್4ಕ್ಕೆ ಬಂದಾಗ ವಿಸ್ಕಸಿ0 ಮಾತ್ರ. ಅದರ ಎರಡನೆಯ ದಾರಿ ಕೆಟ್ಟಿರಲಿಲ್ಲ, ಕೆಟ್ಟಿದ್ದರೆ ಸ್ಕ್ರಿಪ್ಟ್ ಹಿಡಿಯುತ್ತಿತ್ತು. ಆ ದಾರಿ ಯಾವತ್ತೂ ಹುಟ್ಟಿಯೇ ಇರಲಿಲ್ಲ. ಹುಟ್ಟದೇ ಇರುವುದನ್ನು ಯಾವ ಸ್ಕ್ರಿಪ್ಟ್ ತಾನೇ ‘ಫೇಲ್ಡ್’ ಅಂತ ತೋರಿಸೀತು?

ಮೊದಲ ವಿಐಒವನ್ನು ಯೋಜನೆಯಂತೆ 11ಕ್ಕೆ ರೀಬೂಟ್ ಮಾಡಿದ್ದರೆ ಆ ಡಿಸ್ಕು ಡೇಟಾಬೇಸಿನ ಕೈಯಿಂದ ಹಾಗೇ ಜಾರಿಹೋಗುತ್ತಿತ್ತು. ಅದು ಔಷಧ ವಿತರಕರೊಬ್ಬರ ಬಿಲ್ಲಿಂಗ್ ಡೇಟಾಬೇಸ್. ಊರೂರಿನ ಮೆಡಿಕಲ್ ಅಂಗಡಿಗಳ ಆರ್ಡರು ರಾತ್ರಿಯಿಡೀ ಅದರಲ್ಲಿ ಬಂದು ಬೀಳುತ್ತಿರುತ್ತದೆ. ಕೈ ತಣ್ಣಗಾಯಿತು. ಕೆಲಸ ನಿಲ್ಲಿಸಿದ್ದೇನೆ, ರೀಬೂಟ್ ಸದ್ಯಕ್ಕೆ ಇಲ್ಲ ಎಂದು ಕರೆಯಲ್ಲಿದ್ದ ಎಲ್ಲರಿಗೂ ಹೇಳಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಎಲ್‌ಪಾರ್‌ನಲ್ಲಿ ವಿಸ್ಕಸಿ1ರ ಮೇಲೆ ಸಿಎಫ್‌ಜಿ ಮ್ಯಾನೇಜರ್ ಓಡಿಸಿದೆ. ಹೊಸ ಸಾಧನ ಏನಾದರೂ ಕಂಡರೆ ಅದು ಎತ್ತಿಕೊಳ್ಳಬೇಕು. ಏನನ್ನೂ ಎತ್ತಿಕೊಳ್ಳಲಿಲ್ಲ. ಅಂದರೆ ತೊಂದರೆ ಮನೆಯೊಳಗಿಲ್ಲ, ನಲ್ಲಿಯ ಕಡೆ ಇದೆ.

ಈಗ ಎರಡನೆಯ ವಿಐಒ ಒಳಗೆ ಹೋಗಿ ಎಚ್‌ಡಿಸ್ಕ್4 ಯಾವುದು ಎಂದು ಹುಡುಕಬೇಕು. ಈ ಕೆಲಸದಲ್ಲಿ ಹೊಸಬರು ಎಡವುವುದು ಇಲ್ಲೇ. ಎಲ್‌ಪಾರ್‌ನ ಎಚ್‌ಡಿಸ್ಕ್4, ಮೊದಲ ವಿಐಒದಲ್ಲಿ ಎಚ್‌ಡಿಸ್ಕ್14, ಎರಡನೆಯದರಲ್ಲಿ ಎಚ್‌ಡಿಸ್ಕ್11. ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ಮಂಜುನಾಥ, ಅಜ್ಜಿಮನೆಯಲ್ಲಿ ಮಂಜ ಅನ್ನುವ ಹಾಗೆ. ಎಐಎಕ್ಸ್ ಡಿಸ್ಕುಗಳಿಗೆ ಕಂಡ ಕ್ರಮದಲ್ಲಿ ನಂಬರು ಕೊಡುತ್ತಾ ಹೋಗುತ್ತದೆ. ಒಂದು ಕಡೆಯ ನಂಬರಿಗೂ ಇನ್ನೊಂದು ಕಡೆಯ ನಂಬರಿಗೂ ಸಂಬಂಧವೇ ಇಲ್ಲ. ಎರಡೂ ಕಡೆ ಒಂದೇ ನಂಬರು ಇದ್ದರೆ ಅದು ಆಕಸ್ಮಿಕ. ಆಕಸ್ಮಿಕವನ್ನು ನಂಬಿ ತಪ್ಪು ಡಿಸ್ಕು ಅಳಿಸಿದವರ ಕಥೆಗಳನ್ನು ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಹಾಗಾದರೆ ಯಾವುದನ್ನು ನಂಬಬೇಕು? ಎಲ್‌ಪಾರ್‌ನಲ್ಲಿ ಎಲ್‌ಎಸ್‌ಸಿಎಫ್‌ಜಿ ಕೊಟ್ಟರೆ ಡಿಸ್ಕಿನ ವಿಳಾಸ ಸಿಗುತ್ತದೆ. ನಮ್ಮದರ ಬಾಲ ಹೀಗಿತ್ತು: ವಿ11-ಸಿ20-ಟಿ1-ಎಲ್8400000000000000. ವಿ11 ಅಂದರೆ ಹನ್ನೊಂದನೇ ನಂಬರಿನ ಎಲ್‌ಪಾರ್. ಸಿ20 ಅಂದರೆ ಅದರ ಇಪ್ಪತ್ತನೇ ಸ್ಲಾಟಿನ ವರ್ಚುವಲ್ ಅಡಾಪ್ಟರ್. ಎಲ್ ಆದ ಮೇಲಿನದು ವಿಐಒ ಆ ಡಿಸ್ಕಿಗೆ ಕೊಟ್ಟ ಲನ್ ವಿಳಾಸ. ಲನ್ ಅಂದರೆ ಒಂದು ಡಿಸ್ಕಾಗಿ ಕತ್ತರಿಸಿ ಕೊಡುವ ಸ್ಟೋರೇಜ್ ಪಾಲು. ವಿಐಒದಲ್ಲಿ ಎಲ್‌ಎಸ್‌ಮ್ಯಾಪ್ ಕೊಟ್ಟು ಅದೇ 84ರಿಂದ ಶುರುವಾಗುವ ವಿಳಾಸ ಹುಡುಕಿದರೆ ಹಿಂದಿರುವ ಅಸಲು ಡಿಸ್ಕು ಯಾವುದೆಂದು ಗೊತ್ತಾಗುತ್ತದೆ. ಒಂದು ಕಡೆ ಮಾತ್ರ ಎಚ್ಚರ ಬೇಕು. ಎಲ್‌ಎಸ್‌ಮ್ಯಾಪ್ ಎಲ್‌ಪಾರ್ ನಂಬರನ್ನು ಹೆಕ್ಸ್‌ನಲ್ಲಿ, ಅಂದರೆ ಒಂಬತ್ತಾದ ಮೇಲೆ ಎ, ಬಿ, ಸಿ ಎಂದು ಸಾಗುವ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ನಮ್ಮ 11 ಅಲ್ಲಿ ‘ಬಿ’ ಎಂದು ಇರುತ್ತದೆ. ಅಲ್ಲಿ 11 ಅಂತ ಕಂಡರೆ ಅದು ಹದಿನೇಳನೇ ಎಲ್‌ಪಾರ್, ಬೇರೆ ಯಾರದೋ ಮನೆ.

ಮೊದಲ ವಿಐಒದಲ್ಲಿ ಮ್ಯಾಪಿಂಗ್, ಅಂದರೆ ಯಾವ ಡಿಸ್ಕು ಯಾವ ಮನೆಗೆ ಎಂಬ ಜೋಡಣೆ, ಚೆನ್ನಾಗಿತ್ತು, ಹಿಂದೆ ಎಚ್‌ಡಿಸ್ಕ್14. ಎರಡನೆಯದರಲ್ಲೂ ಮ್ಯಾಪಿಂಗ್ ಇತ್ತು, ಹಿಂದೆ ಎಚ್‌ಡಿಸ್ಕ್11, ಆದರೆ ಸ್ಥಿತಿ ‘ಅವೈಲಬಲ್’ ಇರಬೇಕಾದ ಜಾಗದಲ್ಲಿ ‘ಡಿಫೈನ್ಡ್’. ಹೆಸರು ಬರೆದಿಟ್ಟಿದೆ, ಜೀವ ಇಲ್ಲ. ಎಬ್ಬಿಸಲು ನೋಡಿದೆ, ಏಳಲಿಲ್ಲ. ಎಚ್‌ಡಿಸ್ಕ್11ರ ಮೊದಲ ಕೆಲವು ಬೈಟುಗಳನ್ನು ಓದಲು ಎಲ್‌ಕ್ವೆರಿಪಿವಿ ಕೊಟ್ಟೆ. ಒಂದಕ್ಷರವೂ ಬರಲಿಲ್ಲ. ಆದರೆ ಅದೇ ಡಿಸ್ಕಿನ ಸೀರಿಯಲ್ ನಂಬರು ಕೇಳಿದರೆ ಥಟ್ಟನೆ ಹೇಳುತ್ತಿತ್ತು!

ಬಾಗಿಲ ಮೇಲಿನ ಬೋರ್ಡು ಓದಬಹುದು, ಒಳಗೆ ಕಾಲಿಡುವ ಹಾಗಿಲ್ಲ. ಈ ಲಕ್ಷಣ ಕಂಡ ಕೂಡಲೇ ನನಗೆ ‘ರಿಸರ್ವ್’ ಎಂಬ ಶಬ್ದ ಹೊಳೆಯಬೇಕಿತ್ತು. ಸ್ಕಸಿ ನಿಯಮದಲ್ಲಿ ಒಬ್ಬರು ಡಿಸ್ಕನ್ನು ರಿಸರ್ವ್ ಮಾಡಿಕೊಂಡರೆ ಮಿಕ್ಕವರಿಗೆ ‘ನೀನು ಯಾರು’ ಎಂದು ಕೇಳುವ ಇನ್‌ಕ್ವೈರಿಯಷ್ಟಕ್ಕೆ ಅವಕಾಶ ಇರುತ್ತದೆ, ಓದುವ ಬರೆಯುವ ಮಾತಿಗೆ ಇಲ್ಲ. ಹೊಳೆಯಿತು ಕೂಡ. ಅದಕ್ಕೇ ಮೊದಲ ವಿಐಒಗೆ ಹೋಗಿ ಎಲ್‌ಎಸ್‌ಆಟರ್ ಕೊಟ್ಟು ಎಚ್‌ಡಿಸ್ಕ್14ರ ರಿಸರ್ವ್ ಪಾಲಿಸಿ ನೋಡಿದೆ. ‘ನೋ ರಿಸರ್ವ್’ ಅಂತಿತ್ತು. ಎರಡು ವಿಐಒ ಇರುವ ಕಡೆ ಇರಬೇಕಾದ್ದೂ ಅದೇ. ‘ಸಿಂಗಲ್ ಪಾತ್’ ಅಂತ ಇದ್ದಿದ್ದರೆ ಮೊದಲು ಹಿಡಿದವರದ್ದೇ ಡಿಸ್ಕು. ಇಲ್ಲಿ ಹಾಗಿಲ್ಲವಲ್ಲ ಎಂದು ಆ ಅನುಮಾನವನ್ನು ಅಲ್ಲಿಗೇ ಬಿಟ್ಟೆ. ಬಿಟ್ಟದ್ದರಿಂದ ಒಂದು ಗಂಟೆ ಹೋಯಿತು.

ಆ ಒಂದು ಗಂಟೆ ಸ್ಟೋರೇಜ್ ತಂಡದವರ ಮೇಲೆ ಕೂತೆವು. ಆ ರಾತ್ರಿ ಪಾಳಿಯಲ್ಲಿದ್ದವರು ಹುಬ್ಬಳ್ಳಿಯವರು, ಬಹಳ ಸಮಾಧಾನದ ಮನುಷ್ಯ. “ಝೋನಿಂಗ್ ಸರಿ ಐತ್ರಿ ಮೇಡಂ, ಹೋಸ್ಟ್ ಗ್ರೂಪಿನ್ಯಾಗ ಎರಡೂ ವಿಐಒ ಅದಾವ. ನನ್ ಕಡಿಂದ ಏನೂ ತಪ್ಪಿಲ್ಲ ನೋಡ್ರಿ” ಅಂದರು. ಅಂದರೆ ಸ್ಟೋರೇಜ್‌ನಿಂದ ಎರಡೂ ವಿಐಒಗಳಿಗೆ ದಾರಿಯೂ ಇದೆ, ಅನುಮತಿಯೂ ಇದೆ. ಎರಡೂ ವಿಐಒಗೆ ಹೋಗಿರುವುದು ಒಂದೇ ಲನ್ ಹೌದೋ ಅಲ್ಲವೋ ನೋಡಿಬಿಡೋಣ ಅಂದೆ. ಲನ್‌ಗಳ ಗುರುತು 32 ಹೆಕ್ಸ್ ಅಂಕೆಗಳ ಒಂದು ಉದ್ದದ ಮಾಲೆ. ಅದರಲ್ಲಿ ಮುಕ್ಕಾಲು ಪಾಲು ಒಂದೇ ಸ್ಟೋರೇಜಿನ ಎಲ್ಲ ಲನ್‌ಗಳಿಗೂ ಒಂದೇ ಇರುತ್ತದೆ, ಕೊನೆಯ ಕೆಲವು ಅಂಕೆಗಳಲ್ಲಿ ವ್ಯತ್ಯಾಸ. ಫೋನಿನಲ್ಲಿ ‘ಬಿ’ ಅಂದರೆ ‘ಡಿ’ ಎಂದು ಕೇಳಿಸುತ್ತದೆ, ‘ಇ’ ಅಂದರೆ ‘ಬಿ’ ಎಂದು. ಅದಕ್ಕೆ ನಾವಿಬ್ಬರೂ ವರ್ಷಗಳಿಂದ ಒಂದು ಕ್ರಮ ಇಟ್ಟುಕೊಂಡಿದ್ದೇವೆ: ಎ ಆನೇಕಲ್, ಬಿ ಬಳ್ಳಾರಿ, ಸಿ ಚನ್ನಪಟ್ಟಣ, ಡಿ ದಾವಣಗೆರೆ, ಇ ಈಜಿಪುರ, ಎಫ್ ಫ್ರೇಜರ್ ಟೌನ್.

“ಆರು, ಸೊನ್ನೆ, ಸೊನ್ನೆ, ಐದು...” ಎಂದು ನಾನು ಶುರುಮಾಡಿದೆ. “ಬರ್ಲಿ” ಅನ್ನುತ್ತಾ ಹೋದರು. ಕೊನೆಗೆ “ದಾವಣಗೆರೆ, ಮೂರು, ಆನೇಕಲ್, ಏಳು” ಅಂದೆ. “ದಾವಣಗೆರೆ, ಮೂರು, ಆನೇಕಲ್, ಏಳು. ಅದ ಐತ್ರಿ, 200 ಜಿಬಿ.” ಎರಡನೆಯ ವಿಐಒದಿಂದಲೂ ಓದಿದೆ. ಅದೇ ಮಾಲೆ. ಲನ್ ಒಂದೇ, ದಾರಿ ಸರಿಯಿದೆ, ಝೋನಿಂಗ್ ಸರಿಯಿದೆ. ಒಳಗೆ ಮಾತ್ರ ಬಿಡುತ್ತಿಲ್ಲ.

ಎರಡನೆಯ ವಿಐಒದ ಎರರ್ ಲಾಗ್ ತೆಗೆದು ಎಚ್‌ಡಿಸ್ಕ್11ರ ಮೇಲಿನ ದೂರುಗಳನ್ನು ವಿವರವಾಗಿ ಓದಲು ಕೂತೆ. ಇದನ್ನು ಮೊದಲೇ ಮಾಡಬೇಕಿತ್ತು. ಅಲ್ಲಿ ಸೆನ್ಸ್ ಡೇಟಾ ಎಂಬ ಸೊನ್ನೆಗಳ ಗದ್ದೆಯಲ್ಲಿ ಒಂದು 18 ನಿಂತಿತ್ತು. ಹೆಕ್ಸ್ 18. ಸ್ಕಸಿ ಭಾಷೆಯಲ್ಲಿ ಆ ಸ್ಥಿತಿಗೆ ಒಂದೇ ಅರ್ಥ, ರಿಸರ್ವೇಷನ್ ಕಾನ್‌ಫ್ಲಿಕ್ಟ್. ಯಾರೋ ಆ ಡಿಸ್ಕನ್ನು ಹಿಡಿದು ಕೂತಿದ್ದಾರೆ. ನನ್ನ ಮೊದಲ ಅನುಮಾನವೇ ಸರಿ. ಹಾಗಾದರೆ ಎಲ್‌ಎಸ್‌ಆಟರ್ ‘ನೋ ರಿಸರ್ವ್’ ಅನ್ನುವುದೇಕೆ?

ಇಲ್ಲಿ ಒಡಿಎಂ ಬಗ್ಗೆ ಹೇಳಲೇಬೇಕು. ಎಐಎಕ್ಸ್ ತನ್ನ ಸಾಧನಗಳ ವಿವರವನ್ನೆಲ್ಲ ಒಡಿಎಂ ಎಂಬ ಪುಟ್ಟ ಡೇಟಾಬೇಸಿನಲ್ಲಿ ಇಡುತ್ತದೆ. 1990ರ ಎಐಎಕ್ಸ್ 3ರಿಂದಲೂ ಹಾಗೆಯೇ. ಮಿಕ್ಕ ಯುನಿಕ್ಸ್‌ಗಳಲ್ಲಿ ಪಠ್ಯ ಕಡತಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಇರುವ ಎಷ್ಟೋ ವಿಷಯ ಇಲ್ಲಿ ಒಂದೇ ಕಡೆ ಅಚ್ಚುಕಟ್ಟಾಗಿ ಇರುತ್ತದೆ. ನನಗೆ ಎಐಎಕ್ಸ್ ಮೇಲೆ ಪ್ರೀತಿ ಹುಟ್ಟಿದ್ದೂ ಇದರಿಂದಲೇ. ಎಲ್‌ಎಸ್‌ಆಟರ್ ಓದಿ ಹೇಳುವುದು ಈ ಒಡಿಎಂ ಪುಸ್ತಕವನ್ನು. ಪುಸ್ತಕದಲ್ಲಿ ಬರೆದದ್ದೂ ಎಐಎಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಈಗ ನಡೆಯುತ್ತಿರುವುದೂ ಸಾಮಾನ್ಯವಾಗಿ ಒಂದೇ. ಒಂದೇ ಆಗದಿರುವ ಸಂದರ್ಭವೂ ಇದೆ. ಹೊಲ ಉಳುತ್ತಿರುವವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು ಎಂಬುದನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕ ಬಿಟ್ಟು ಡಿಸ್ಕನ್ನೇ ಕೇಳುವ ಕಮಾಂಡು ಒಂದಿದೆ, ಡೆವ್‌ಆರ್‌ಎಸ್‌ಆರ್‌ವಿ. ಅದರ ಉತ್ತರದಲ್ಲಿ ಎರಡೂ ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ: ಒಡಿಎಂನಲ್ಲಿರುವ ಪಾಲಿಸಿ ಒಂದು, ಡಿಸ್ಕಿನ ನಿಜ ಸ್ಥಿತಿ ಒಂದು. ಮೊದಲ ವಿಐಒದಲ್ಲಿ ಎಚ್‌ಡಿಸ್ಕ್14ರ ಮೇಲೆ ಕೊಟ್ಟೆ. ಒಡಿಎಂ ಪಾಲಿಸಿ: ನೋ ರಿಸರ್ವ್. ಡಿಸ್ಕಿನ ಸ್ಥಿತಿ: ಸಿಂಗಲ್ ಪಾತ್.

ರಾತ್ರಿ 12:40. ಆ ಎರಡು ಸಾಲು ಒಂದರ ಕೆಳಗೊಂದು ಕೂತಿದ್ದನ್ನು ನೋಡಿ ಬೆನ್ನು ನೆಟ್ಟಗಾಯಿತು. ಹಿಡಿದು ಕೂತಿರುವುದು ಮೊದಲ ವಿಐಒವೇ.

ಹೀಗೆ ಆಗುವುದು ಹೇಗೆ ಎಂದು ಹಳೆಯ ಟಿಕೆಟ್ ತೆಗೆದರೆ ಗೊತ್ತಾಯಿತು. ಎರಡು ತಿಂಗಳ ಹಿಂದೆ ಈ ಡಿಸ್ಕು ಸೇರಿಸಿದ್ದರು. ಮಾಡಿದವರು ಆಮೇಲೆ ಕೆಲಸ ಬಿಟ್ಟು ಬೇರೆ ಕಡೆ ಹೋದ ಹಿರಿಯ ಸಹೋದ್ಯೋಗಿ, ನನಗೆ ವಿಐಒ ಕಲಿಸಿದವರೇ. ಟಿಕೆಟ್, ಅಂದರೆ ಆ ಕೆಲಸದ ದಾಖಲೆ, ಬಹಳ ಶ್ರದ್ಧೆಯಿಂದ ಬರೆದಿದ್ದರು. ಅವರ ಮಾತಿನಲ್ಲೇ ಹೇಳುವುದಾದರೆ: ಡಿಸ್ಕು ಬಂತು, ಮ್ಯಾಪ್ ಮಾಡಿದೆ. ಆಮೇಲೆ ರಿಸರ್ವ್ ಪಾಲಿಸಿ ಬದಲಿಸಲು ಹೋದಾಗ 0514-062 ಬಂತು, ಸಾಧನ ಬಳಕೆಯಲ್ಲಿದೆ ಎಂಬ ಪ್ರಸಿದ್ಧ ಸಂದೇಶ. ಆದ್ದರಿಂದ ಸಾಧನದ ಗುಣ ಬದಲಿಸುವ ಕಮಾಂಡಾದ ಸಿಎಚ್‌ಡೆವ್‌ಗೆ ‘-ಪಿ’ ಸೇರಿಸಿ ಬದಲಿಸಿದೆ. ಎಲ್‌ಎಸ್‌ಆಟರ್ ಕೊಟ್ಟು ನೋ ರಿಸರ್ವ್ ಆಗಿರುವುದನ್ನು ಖಚಿತಪಡಿಸಿಕೊಂಡೆ.

ಇಡೀ ಎಡವಟ್ಟು ಇರುವುದು ಆ ‘-ಪಿ’ಯಲ್ಲಿ. ‘-ಪಿ’ ಅಂದರೆ ಪುಸ್ತಕದಲ್ಲಿ ಮಾತ್ರ ಬರೆ, ಮುಂದಿನ ರೀಬೂಟಿನಲ್ಲಿ ಜಾರಿಗೆ ಬರಲಿ ಎಂದು. ಡಿಸ್ಕು ಮ್ಯಾಪ್ ಆಗುವಾಗಲೇ ಮೊದಲ ವಿಐಒ ಅದನ್ನು ಹಳೆಯ ಪಾಲಿಸಿಯ ಪ್ರಕಾರ ತೆರೆದು ರಿಸರ್ವ್ ಮಾಡಿಕೊಂಡಾಗಿತ್ತು. ಆ ವಿಐಒ ರೀಬೂಟ್ ಆಗಿ ಒಂದು ವರ್ಷದ ಮೇಲಾಗಿತ್ತು. ಅವರು ಖಚಿತಪಡಿಸಿಕೊಳ್ಳದೆ ಬಿಟ್ಟವರಲ್ಲ. ಖಚಿತಪಡಿಸಿಕೊಳ್ಳಲು ಪುಸ್ತಕವನ್ನು ಕೇಳಿದರು, ಪುಸ್ತಕ ತನ್ನಲ್ಲಿ ಬರೆದದ್ದನ್ನು ಹೇಳಿತು. ಒಂದು ಗಂಟೆ ಮುಂಚೆ ನಾನೂ ಅದನ್ನೇ ಕೇಳಿ ಅದನ್ನೇ ನಂಬಿದ್ದೆ.

ಸರಿಮಾಡುವುದು ಹೇಗೆ? ಮೊದಲ ವಿಐಒ ಡಿಸ್ಕನ್ನು ಮುಚ್ಚಿದರೆ ಹಿಡಿತ ಬಿಡುತ್ತದೆ. ಮುಚ್ಚಬೇಕಾದರೆ ಮ್ಯಾಪಿಂಗ್ ತೆಗೆಯಬೇಕು. ತೆಗೆದರೆ ಡೇಟಾಬೇಸಿಗೆ ಇರುವ ಒಂದೇ ದಾರಿ ಹೋಗುತ್ತದೆ. ಒತ್ತಾಯದಿಂದ ರಿಸರ್ವ್ ಬಿಡಿಸುವ ಆಯ್ಕೆ ಡೆವ್‌ಆರ್‌ಎಸ್‌ಆರ್‌ವಿಯಲ್ಲೇ ಇದೆ. ತಂಡದ ಒಬ್ಬರು ಅದನ್ನು ಸೂಚಿಸಿದರು ಕೂಡ. ನಾನು ಬೇಡ ಅಂದೆ. ಕರ್ನಲ್‌ನ ಡ್ರೈವರ್ ಇನ್ನೂ ಸಿಂಗಲ್ ಪಾತ್ ಲೆಕ್ಕದಲ್ಲೇ ನಡೆಯುತ್ತಿದೆ, ಏನಾದರೂ ಎರರ್ ಬಂದು ಚೇತರಿಸಿಕೊಳ್ಳುವಾಗ ಮತ್ತೆ ರಿಸರ್ವ್ ಮಾಡುತ್ತದೆ. ಆ ಹೊತ್ತಿಗೆ ಎರಡನೆಯ ದಾರಿಯಲ್ಲಿ ಡೇಟಾಬೇಸಿನ ಬರಹ ಸಾಗುತ್ತಿದ್ದರೆ? ಅಂಥ ಡಿಸ್ಕಿನ ಮೇಲೆ ಬೇರೆಯವರ ವ್ಯಾಪಾರದ ಲೆಕ್ಕ ಇಟ್ಟುಕೊಂಡು ನನಗೆ ನಿದ್ದೆ ಬರುವುದಿಲ್ಲ.

ಡೇಟಾಬೇಸ್ ನಿಲ್ಲಿಸಬಹುದೇ ಎಂದು ಅದನ್ನು ನೋಡಿಕೊಳ್ಳುವ ಡಿಬಿಎ ಅವರನ್ನು ಕೇಳಿದೆ. ಮಂಗಳೂರಿನ ಕಡೆಯವರು. “ಇಲ್ಲ ಮಾರಾಯ್ರೆ, ತಿಂಗಳ ಕೊನೆ ಅಲ್ವಾ, ಅವರು ಈವತ್ತು ನಿಲ್ಲಿಸ್ಲಿಕ್ಕೆ ಬಿಡುದೇ ಇಲ್ಲ. ವಿಐಒ ಆದ್ರೆ ಒಳಗೆ ಗೊತ್ತಾಗುದಿಲ್ಲ ಅಂತ ಹೇಳಿಯೇ ಪರ್ಮಿಷನ್ ತಗೊಂಡದ್ದು” ಅಂದರು. ಅವರು ಹೇಳಿದ್ದು ನ್ಯಾಯ.

ಉಳಿದದ್ದು ಎಲ್‌ವಿಎಂ, ಅಂದರೆ ಡಿಸ್ಕುಗಳ ಜಾಗ ನಿಭಾಯಿಸುವ ಎಐಎಕ್ಸ್‌ನ ವ್ಯವಸ್ಥೆಯ ದಾರಿ, ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದೂ ಅದರ ಮೇಲೆಯೇ. ಅದೇ ಅಳತೆಯ ಹೊಸ ಲನ್ ತೆಗೆದುಕೊಳ್ಳುವುದು, ಈ ಸಲ ಕ್ರಮವಾಗಿ ಎರಡೂ ವಿಐಒಗಳಿಂದ ಕೊಡುವುದು, ಡೇಟಾಬೇಸ್ ಓಡುತ್ತಿರುವಾಗಲೇ ಹಳೆಯ ಡಿಸ್ಕಿನಿಂದ ಹೊಸದಕ್ಕೆ ದತ್ತಾಂಶವನ್ನೆಲ್ಲ ಸಾಗಿಸುವುದು. ಮೈಗ್ರೇಟ್‌ಪಿವಿ ಕಮಾಂಡು ಇರುವುದೇ ಅದಕ್ಕೆ. ಒಂದೊಂದು ತುಂಡಿಗೂ ಹೊಸ ಡಿಸ್ಕಿನಲ್ಲಿ ನಕಲು ಮಾಡಿ, ಎರಡೂ ಸಮವಾದ ಮೇಲೆ ಹಳೆಯದನ್ನು ಬಿಡುತ್ತಾ ಹೋಗುತ್ತದೆ. ಮೇಲೆ ಫೈಲ್ ಸಿಸ್ಟಂ ತೆರೆದೇ ಇರುತ್ತದೆ. ವಿಐಒ ಅಪ್‌ಡೇಟ್ ಮುಂದಿನ ಶನಿವಾರಕ್ಕೆ ಹೋಗಲಿ ಎಂದು ಮ್ಯಾನೇಜರ್ ಒಪ್ಪಿದರು.

ಹುಬ್ಬಳ್ಳಿಯವರು ಕಾಲು ಗಂಟೆಯಲ್ಲಿ 200 ಜಿಬಿಯ ಹೊಸ ಲನ್ ಕೊಟ್ಟರು. ಎರಡೂ ವಿಐಒಗಳಲ್ಲಿ ಡಿಸ್ಕು ಕಂಡಿತು. ಮ್ಯಾಪ್ ಮಾಡುವ ಮುಂಚೆ ಎರಡೂ ಕಡೆ ನೋ ರಿಸರ್ವ್ ಹಾಕಿದೆ. ಇನ್ನೂ ಯಾರೂ ತೆರೆಯದ ಡಿಸ್ಕಾದ್ದರಿಂದ ‘-ಪಿ’ ಬೇಕಾಗಲಿಲ್ಲ. ಪುಸ್ತಕವನ್ನೂ ಕೇಳಿದೆ, ಡಿಸ್ಕನ್ನೂ ಕೇಳಿದೆ. ಎರಡೂ ಒಂದೇ ಮಾತು ಹೇಳಿದ ಮೇಲೆ ಮ್ಯಾಪ್ ಮಾಡಿದೆ. ಎಲ್‌ಪಾರ್‌ನಲ್ಲಿ ಸಿಎಫ್‌ಜಿ ಮ್ಯಾನೇಜರ್ ಓಡಿಸಿದರೆ ಎಚ್‌ಡಿಸ್ಕ್9 ಬಂತು, ಎರಡು ಸಾಲು, ಎರಡೂ ಎನೇಬಲ್ಡ್.

ವಾಲ್ಯೂಮ್ ಗ್ರೂಪಿಗೆ, ಅಂದರೆ ಡೇಟಾಬೇಸಿನ ಡಿಸ್ಕುಗಳ ಗುಂಪಿಗೆ ಸೇರಿಸುವ ಮುಂಚೆ ಇನ್ನೆರಡು ಕಡೆ ಕೈಯಾಡಿಸಿದೆ. ದಾರಿಗಳನ್ನು ಎಷ್ಟು ಸೆಕೆಂಡಿಗೊಮ್ಮೆ ಪರೀಕ್ಷಿಸಬೇಕೆಂದು ಹೇಳುವ ಎಚ್‌ಚೆಕ್ ಇಂಟರ್ವಲ್ ಸೊನ್ನೆ ಇತ್ತು. ಹಾಗೇ ಬಿಟ್ಟರೆ ಒಮ್ಮೆ ಫೇಲ್ ಆದ ದಾರಿ ವಿಐಒ ಎದ್ದು ಕೂತ ಮೇಲೂ ತಾನಾಗಿ ಎನೇಬಲ್ ಆಗುವುದಿಲ್ಲ. ಎರಡನೆಯ ವಾರ ಇನ್ನೊಂದು ವಿಐಒ ಇಳಿಸಿದಾಗ ಎರಡೂ ದಾರಿ ಹೋದಂತಾಗುತ್ತದೆ. ಅದನ್ನು 60 ಸೆಕೆಂಡಿಗೆ ಇಟ್ಟೆ. ಒಮ್ಮೆಗೆ ಡಿಸ್ಕಿಗೆ ಎಷ್ಟು ಕೋರಿಕೆ ಕಳಿಸಬಹುದೆಂದು ಹೇಳುವ ಕ್ಯೂ ಡೆಪ್ತ್ 3 ಇತ್ತು, ಡೇಟಾಬೇಸ್ ಡಿಸ್ಕಿಗೆ ಅದು ಸಾಲದು. ವಿಐಒ ಕಡೆ ಇದ್ದ 20ಕ್ಕೆ ಸರಿಗಟ್ಟಿದೆ. ಇಂಥವನ್ನು ಡಿಸ್ಕು ಖಾಲಿ ಇರುವಾಗಲೇ ಮಾಡಿಬಿಡಬೇಕು. ಒಮ್ಮೆ ಬಳಕೆಗೆ ಬಿತ್ತೆಂದರೆ ಮತ್ತದೇ 0514-062, ಮತ್ತದೇ ‘-ಪಿ’ಯ ಆಸೆ.

1:50ಕ್ಕೆ ಮೈಗ್ರೇಟ್‌ಪಿವಿ ಶುರು. ನೋಹಪ್ ಹಾಕಿಯೇ ಓಡಿಸಿದೆ. ಹೊರಗೆ ಮಳೆ ಹಿಡಿದಿತ್ತು, ಕರೆಂಟು ಒಂದು ಸಲ ಹೋಗಿ ಬಂದಿತ್ತು. ವಿಪಿಎನ್ ಕಡಿದರೆ ಸಾಗಣೆ ಅರ್ಧಕ್ಕೆ ನಿಲ್ಲಬಾರದು. ಅಮ್ಮ ನೀರು ಕುಡಿಯಲು ಎದ್ದವರು “ಇನ್ನೂ ಮುಗಿಲಿಲ್ವೇನೇ?” ಎಂದು ಕೇಳಿ, ನನ್ನ ಮುಖ ನೋಡಿ, ಮುಂದೆ ಮಾತಾಡದೆ ಒಂದು ಲೋಟ ಮಜ್ಜಿಗೆ ಇಟ್ಟು ಹೋದರು.

ಹಳೆಯ ಡಿಸ್ಕಿನಲ್ಲಿ 256 ಎಂಬಿಯ 799 ತುಂಡು, ಅದರಲ್ಲಿ ಬಳಕೆಯಲ್ಲಿದ್ದದ್ದು 742. ಎಷ್ಟು ಸಾಗಿದೆ ಎಂದು ನೋಡಲು ಬರೀ ಎಲ್‌ಎಸ್‌ಪಿವಿ ಕೊಟ್ಟರೆ ವಾಲ್ಯೂಮ್ ಗ್ರೂಪಿಗೆ ಬೀಗ ಬಿದ್ದಿದೆ ಎಂದು ಕಾಯುತ್ತಾ ನಿಲ್ಲುತ್ತದೆ, ‘-ಎಲ್’ ಸೇರಿಸಿ ಕೇಳಬೇಕು. ಕೇಳುತ್ತಾ ಕೂತೆ. 742. 690. 611. ಡಿಬಿಎ ಅವರ ಕಡೆ ಓದುವ ಬರೆಯುವ ವೇಗ ಸ್ವಲ್ಪ ಇಳಿದಿತ್ತು, ಆರ್ಡರುಗಳು ಬರುತ್ತಲೇ ಇದ್ದವು. 402. 233. ಕೊನೆಯ ನೂರು ಇಳಿಯುವಾಗ ಕರೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. 3:40ಕ್ಕೆ ಸೊನ್ನೆ.

ಎಚ್‌ಡಿಸ್ಕ್4 ಅನ್ನು ವಾಲ್ಯೂಮ್ ಗ್ರೂಪಿನಿಂದ ಹೊರಗೆ ತೆಗೆದೆ, ಆಮೇಲೆ ಎಲ್‌ಪಾರ್‌ನಿಂದ ಅಳಿಸಿದೆ. ಮೊದಲ ವಿಐಒದಲ್ಲಿ ಅದರ ಮ್ಯಾಪಿಂಗ್ ತೆಗೆದೆ. ಈಗ ನನಗೊಂದು ಖಾತ್ರಿ ಬೇಕಿತ್ತು. ರೋಗ ಹಿಡಿದದ್ದು ಸರಿಯಾಗಿದ್ದರೆ ಈ ಕ್ಷಣ ಹಿಡಿತ ಬಿಟ್ಟಿರಬೇಕು, ಬಾಗಿಲು ತೆರೆದಿರಬೇಕು. ಎರಡನೆಯ ವಿಐಒಗೆ ಹೋಗಿ, ನಾಲ್ಕು ಗಂಟೆ ಮುಂಚೆ ಒಂದಕ್ಷರವೂ ಕೊಡದಿದ್ದ ಎಚ್‌ಡಿಸ್ಕ್11ರ ಮೇಲೆ ಅದೇ ಎಲ್‌ಕ್ವೆರಿಪಿವಿ ಕೊಟ್ಟೆ. ಸಾಲು ಸಾಲಾಗಿ ಬೈಟುಗಳು ಇಳಿದವು. ಹೆಕ್ಸ್ 80ರ ಜಾಗದಲ್ಲಿ ಡಿಸ್ಕಿನ ಪಿವಿಐಡಿ, ಅಂದರೆ ಎಲ್‌ವಿಎಂ ಡಿಸ್ಕಿನ ಮೇಲೆ ಬರೆದಿಡುವ ಗುರುತು ಇತ್ತು, 16 ಅಂಕೆ. ಎಚ್‌ಡಿಸ್ಕ್4ರದ್ದು ಎಂದು ಸಂಜೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ ಅದೇ 16 ಅಂಕೆ. ಕಣ್ಣು ತುಂಬಿ ಬಂತು ಅಂದರೆ ಹೊರಗಿನವರಿಗೆ ಅತಿ ಅನ್ನಿಸಬಹುದು, ಬಂದದ್ದು ನಿಜ.

ಭಾನುವಾರ ಮಧ್ಯಾಹ್ನ ಆ ಹಿರಿಯ ಸಹೋದ್ಯೋಗಿಗೆ ಫೋನ್ ಮಾಡಿದೆ. ತಪ್ಪು ಹೊರಿಸುವ ಉದ್ದೇಶ ಇರಲಿಲ್ಲ. ಅವರು ಈಗಲೂ ಇದೇ ಕೆಲಸ ಮಾಡುತ್ತಿರುವವರು, ಅವರಿಗೆ ಗೊತ್ತಿರಬೇಕು ಅನ್ನಿಸಿತು. ಪೂರ್ತಿ ಕೇಳಿಸಿಕೊಂಡರು. “ಎಲ್‌ಎಸ್‌ಆಟರ್ ನೋಡಿದ್ನಲ್ಲಮ್ಮಾ ನಾನು” ಅಂದರು. “ನಾನೂ ಅದನ್ನೇ ನೋಡಿದೆ ಸರ್” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು: “ಅದೇ ವಾರ ಇನ್ನೊಂದು ಫ್ರೇಮ್‌ನಲ್ಲೂ ಎರಡು ಡಿಸ್ಕ್ ಹಾಕಿದ್ದೆ. ಅದನ್ನ ನೋಡಿದ್ಯಾ?”

ನೋಡಿರಲಿಲ್ಲ. ಆ ಫ್ರೇಮ್, ಅಂದರೆ ಆ ಇನ್ನೊಂದು ಪವರ್ ಯಂತ್ರ, ಆ ರಾತ್ರಿಯ ಕೆಲಸದಲ್ಲಿ ಇರಲೇ ಇಲ್ಲ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದ ಕೂಡಲೇ ನೋಡಿದೆ. ಎರಡರಲ್ಲಿ ಒಂದು ಸರಿಯಿತ್ತು. ಇನ್ನೊಂದಕ್ಕೆ ಒಂದೇ ಸಾಲು, ಅದೇ ಪುಸ್ತಕದ ಮಾತು, ಅದೇ ಹಿಡಿತ. ಅದು ಪರೀಕ್ಷೆಗೆ ಇಟ್ಟಿದ್ದ ಎಲ್‌ಪಾರ್ ಆದ್ದರಿಂದ ನಿಲ್ಲಿಸಿ, ಮ್ಯಾಪಿಂಗ್ ತೆಗೆದು, ಮತ್ತೆ ಹಾಕಿ ಸರಿಮಾಡಲು ಅರ್ಧ ಗಂಟೆ ಸಾಕಾಯಿತು. ಅವತ್ತೇ ತಂಡದ ಸ್ಕ್ರಿಪ್ಟನ್ನೂ ಬದಲಿಸಿದೆ. ಈಗ ಅದು ಕೆಟ್ಟ ಸಾಲುಗಳನ್ನು ಹುಡುಕುವುದರ ಜತೆಗೆ ಪ್ರತಿ ಡಿಸ್ಕಿನ ಸಾಲುಗಳನ್ನು ಎಣಿಸುತ್ತದೆ, ಎರಡಕ್ಕಿಂತ ಕಡಿಮೆ ಇದ್ದರೆ ಕೂಗುತ್ತದೆ. ವಿಐಒಗಳಲ್ಲಿ ಪ್ರತಿ ಡಿಸ್ಕಿನ ಪುಸ್ತಕದ ಪಾಲಿಸಿಯನ್ನೂ ನಿಜ ಸ್ಥಿತಿಯನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ.

ಹಳೆಯ ಲನ್ ಅಳಿಸುವ ದಿನ ಹುಬ್ಬಳ್ಳಿಯವರ ಜತೆ ಮತ್ತೊಮ್ಮೆ 32 ಅಂಕೆ ಓದಿದೆವು, ದಾವಣಗೆರೆ, ಮೂರು, ಆನೇಕಲ್, ಏಳರ ತನಕ.

ಮುಂದಿನ ಶನಿವಾರ 11ಕ್ಕೆ ಸರಿಯಾಗಿ ಮೊದಲ ವಿಐಒ ಇಳಿಸಿದೆವು. ಡೇಟಾಬೇಸಿನ ಎಲ್‌ಪಾರ್‌ನಲ್ಲಿ ಎಲ್‌ಎಸ್‌ಪಾತ್ ಕೊಡುತ್ತಾ ಕೂತೆ. 18 ಸಾಲು. ವಿಸ್ಕಸಿ0ರ ಒಂಬತ್ತೂ ‘ಫೇಲ್ಡ್’ ಆದವು, ವಿಸ್ಕಸಿ1ರ ಒಂಬತ್ತೂ ಗಟ್ಟಿಯಾಗಿ ನಿಂತಿದ್ದವು. ವಿಐಒ ಎದ್ದು ಬಂದು ಒಂದು ನಿಮಿಷವಾಗುವಷ್ಟರಲ್ಲಿ ಒಂದೊಂದಾಗಿ ಎನೇಬಲ್ಡ್ ಆಗುತ್ತಾ ಬಂದವು. “ನೀವು ಯಾವಾಗ ಶುರು ಮಾಡುದು?” ಎಂದು ಡಿಬಿಎ ಅವರು ಕೇಳಿದರು.